ಹೆಸರಿಲ್ಲದ ಬಳ್ಳಿಯ ಗುರುತು

ನರ್ಸರಿಯಿಂದ ಬರುವ ಬಳ್ಳಿಗಳಲ್ಲಿ ಹೆಸರಿನ ಚೀಟಿ ಇಲ್ಲದವೇ ಹೆಚ್ಚು. ಯಾರದೋ ಕಾಂಪೌಂಡಿನಿಂದ ಮುರಿದು ತಂದು ನೆಟ್ಟ ತುಂಡಿನ ವಿಷಯದಲ್ಲಿ ಚೀಟಿಯ ಮಾತೇ ಇಲ್ಲ. ಹೆಸರು ಗೊತ್ತಿಲ್ಲದಿದ್ದರೂ ಬಳ್ಳಿ ಬೆಳೆಯುತ್ತದೆ, ನಿಜ. ಆದರೆ ಅದು ಗೇಟಿನ ಕಮಾನಿಗೆ ಸಾಕಾಗುವಷ್ಟು ಹಬ್ಬುತ್ತದೋ, ಇಡೀ ಮಾವಿನ ಮರವನ್ನೇ ಮುಚ್ಚುತ್ತದೋ, ಯಾವಾಗ ಸವರಬೇಕು, ಮಕ್ಕಳಿರುವ ಮನೆಗೆ ಆಗುತ್ತದೋ ಎಂಬುದೆಲ್ಲ ಗೊತ್ತಾಗುವುದು ಹೆಸರು ಸಿಕ್ಕ ಮೇಲೆಯೇ. ಆ ಹೆಸರು ಬಹುಪಾಲು ಸಿಗುವುದು ಅದೇ ಬಳ್ಳಿಯನ್ನು ಮೊದಲೇ ಬೆಳೆಸಿ ನೋಡಿದವರಿಂದ.

ಕೇಳುವವರು ಸಾಮಾನ್ಯವಾಗಿ ಅರಳಿದ ಹೂವೊಂದರ ಫೋಟೊ ತೆಗೆದು ಕಳಿಸುತ್ತಾರೆ. ಪಳಗಿದ ಬೆಳೆಗಾರರು ಕೇಳುವ ಮೊದಲ ಪ್ರಶ್ನೆಯೇ ಬೇರೆ: ಬಳ್ಳಿ ಮೇಲೇರುವುದು ಹೇಗೆ? ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ಬಳ್ಳಿಗಳನ್ನು ವಿಂಗಡಿಸಿದ್ದೂ ಇದೇ ಆಧಾರದ ಮೇಲೆ. ಕೆಲವು ಬಳ್ಳಿಗಳು ಕಾಂಡವನ್ನೇ ಆಸರೆಗೆ ಸುತ್ತುತ್ತವೆ. ಸುತ್ತುವ ದಿಕ್ಕೂ ಒಂದು ಗುರುತೇ: ಕಾಡುಗೆಣಸಿನ ಬಳಗದಲ್ಲಿ ಡಯಾಸ್ಕೋರಿಯಾ ಅಲಾಟಾ ಬಲಕ್ಕೆ ಸುತ್ತಿದರೆ, ಬಳ್ಳಿಯ ಮೇಲೆಯೇ ಗೆಡ್ಡೆ ಬಿಡುವ ಡಯಾಸ್ಕೋರಿಯಾ ಬಲ್ಬಿಫೆರಾ ಎಡಕ್ಕೆ ಸುತ್ತುತ್ತದೆ. ಮನಿಪ್ಲಾಂಟಿನಂಥವು ಗೆಣ್ಣಿನ ಬೇರುಗಳಿಂದ ಗೋಡೆಗೆ ಅಂಟುತ್ತವೆ. ಮನೋರಂಜಿತದಲ್ಲಿ ಹೂವಿನ ತೊಟ್ಟೇ ಕೊಕ್ಕೆಯಾಗುತ್ತದೆ.

ಹೀರೆ, ಸೋರೆಯಲ್ಲಿ ಸುರುಳಿ ಸುತ್ತುವ ಎಳೆಯನ್ನು ಎಲ್ಲರೂ ಕಂಡಿರುತ್ತಾರೆ. ಅಂಥ ಎಳೆ ಇದ್ದರೆ ಕೆಲಸ ಇನ್ನೂ ಸುಲಭ. ಅದು ಎಲ್ಲಿಂದ ಹೊರಡುತ್ತದೆ ಎಂದು ನೋಡಿದರೆ ಕುಟುಂಬವೇ ತಿಳಿದುಬಿಡುತ್ತದೆ. ದ್ರಾಕ್ಷಿಯ ಕುಟುಂಬದಲ್ಲಿ ಎಳೆ ಹುಟ್ಟುವುದು ಎಲೆಯ ಎದುರು ಬದಿಯಲ್ಲಿ; ಪ್ಯಾಷನ್ ಫ್ರೂಟ್ ಬಳಗದಲ್ಲಿ ಎಲೆಯ ಕಂಕುಳಲ್ಲಿ; ಬೆಳ್ಳುಳ್ಳಿ ಬಳ್ಳಿಯಲ್ಲಿ ಜೋಡಿ ಎಲೆಗಳ ನಡುವೆ, ಮೂರನೆಯ ಎಲೆ ಇರಬೇಕಾದ ಜಾಗದಲ್ಲಿ. ಗೌರಿ ಹೂವಿನ ಬಳ್ಳಿಯಲ್ಲಿ ಎಲೆಯ ತುದಿಯೇ ನೀಳವಾಗಿ ಕೊಂಬೆಯನ್ನು ಹಿಡಿದುಕೊಳ್ಳುತ್ತದೆ.

ಆಮೇಲೆ ಕೈ, ಮೂಗಿಗೆ ಕೆಲಸ. ಎಲೆ ಚಿವುಟಿದಾಗ ಹಾಲು ಸುರಿದರೆ, ಹೂ ಹಳದಿ ಕಹಳೆಯಂತಿದ್ದರೆ, ಗೆಣ್ಣಿಗೆ ನಾಲ್ಕರಂತೆ ಎಲೆ ಸುತ್ತುವರಿದಿದ್ದರೆ ಅದು ಅಲಮಂಡ ಎನ್ನಲು ಅಡ್ಡಿಯಿಲ್ಲ. ಹೂ ಹೆಚ್ಚುಕಡಿಮೆ ಹಾಗೇ ಇದ್ದು ಹಾಲಿಲ್ಲದಿದ್ದರೆ ಟೆಕೋಮದ ಕಡೆಯ ಕುಟುಂಬದಲ್ಲಿ ಹುಡುಕಬೇಕು. ಎಲೆ ಹೊಸಕಿದಾಗ ಒಗ್ಗರಣೆಯ ಬೆಳ್ಳುಳ್ಳಿ ವಾಸನೆ ಬಂದರೆ ಹೆಚ್ಚಿನ ಚರ್ಚೆ ಬೇಕಿಲ್ಲ. ಪ್ಯಾಷನ್ ಫ್ರೂಟಿನ ಎಲೆತೊಟ್ಟಿನ ಮೇಲ್ತುದಿಯಲ್ಲಿ, ಎಲೆ ಸೇರುವಲ್ಲಿ, ಸಾಸಿವೆಗಿಂತ ಚಿಕ್ಕ ಎರಡು ಗಂಟುಗಳಿರುತ್ತವೆ. ಅವು ಸಿಹಿರಸ ಸೂಸುತ್ತವೆ, ಇರುವೆಗಳು ಅಲ್ಲಿ ಸುಳಿದಾಡುತ್ತಿರುತ್ತವೆ. ಅದೇ ಬಳಗದ ಪ್ಯಾಸಿಫ್ಲೋರಾ ಕ್ವಾಡ್ರಾಂಗ್ಯುಲಾರಿಸ್‌ನ ಕಾಂಡ ಚೌಕವಾಗಿದ್ದು ಅಂಚುಗಳಲ್ಲಿ ತೆಳು ಏಣುಗಳಿರುತ್ತವೆ. ಬೆರಳಿನಿಂದ ಸವರಿದರೆ ಸಾಕು, ಕಣ್ಣು ಬೇಕಿಲ್ಲ. ಇಂಥವು ಹೂವಿನ ಫೋಟೊದಲ್ಲಿ ಒಂದೂ ಕಾಣುವುದಿಲ್ಲ.

ಹೂ ದಾರಿ ತಪ್ಪಿಸುವುದಕ್ಕೆ ನೀಲಿ ಥನ್ಬರ್ಜಿಯಾಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬೆಂಗಳೂರಿನ ಹಳೆಯ ಬಡಾವಣೆಗಳ ಕಾಂಪೌಂಡುಗಳ ಮೇಲೆ ಇಳಿಬಿದ್ದಿರುವ ತಿಳಿನೀಲಿ ಹೂವಿನ ಬಳ್ಳಿ ಥನ್ಬರ್ಜಿಯಾ ಗ್ರಾಂಡಿಫ್ಲೋರಾ ಆಗಿರಬಹುದು, ಥನ್ಬರ್ಜಿಯಾ ಲಾರಿಫೋಲಿಯಾ ಆಗಿರಬಹುದು. ಎರಡರ ಹೂವನ್ನೂ ಪಕ್ಕಪಕ್ಕ ಇಟ್ಟರೆ ಬೆಳೆಸಿದವರೂ ತಡವರಿಸುತ್ತಾರೆ. ಎಲೆ ನೋಡಿದರೆ ಗೊಂದಲವಿಲ್ಲ. ಗ್ರಾಂಡಿಫ್ಲೋರಾದ ಎಲೆ ಅಗಲ, ಬುಡದಲ್ಲಿ ಹೃದಯಾಕಾರ, ಅಂಚಿನಲ್ಲಿ ಮೂಲೆಮೂಲೆಯಾದ ಹಲ್ಲು, ಮುಟ್ಟಿದರೆ ತರಿತರಿ. ಲಾರಿಫೋಲಿಯಾದ ಎಲೆ ನೀಳ, ನುಣುಪು, ತುದಿ ಚೂಪು. ಎರಡರಲ್ಲೂ ಎಲೆಗಳು ಎದುರುಬದುರು; ಮೊಗ್ಗನ್ನು ಎರಡು ದೊಡ್ಡ ಹಸಿರು ಸಿಪ್ಪೆಗಳು ಮುಚ್ಚಿರುತ್ತವೆ. ಮೈಸೂರಿನ ಹೆಸರನ್ನೇ ಹೊತ್ತ, ಪಶ್ಚಿಮ ಘಟ್ಟದ ಥನ್ಬರ್ಜಿಯಾ ಮೈಸೂರೆನ್ಸಿಸ್ ಮಾತ್ರ ಯಾರ ಕಣ್ಣಿಗೂ ಮೋಸ ಮಾಡುವುದಿಲ್ಲ: ಉದ್ದ ದಾರಕ್ಕೆ ಪೋಣಿಸಿದಂತೆ ಜೋತುಬೀಳುವ ಹಳದಿ–ಕೆಂಗಂದು ಹೂಗಳು, ಅವಕ್ಕೆ ಮುಗಿಬೀಳುವ ಸೂರಕ್ಕಿಗಳು.

ಚೀಟಿ ಇದ್ದ ಮಾತ್ರಕ್ಕೆ ನಂಬಬೇಕೆಂದೂ ಇಲ್ಲ. ಪ್ಯಾಸಿಫ್ಲೋರಾ ಕಾಕ್ಸೀನಿಯಾ ಎಂದು ತೋಟಗಳಲ್ಲಿ ಬಹುಕಾಲ ಬೆಳೆಸುತ್ತಿದ್ದ ಕೆಂಪು ಹೂವಿನ ಬಳ್ಳಿಗಳಲ್ಲಿ ಬಹಳಷ್ಟು ಬೇರೆಯದೇ ಜಾತಿ ಎಂದು ತಜ್ಞರು ಕಂಡುಕೊಂಡು, 2006ರಲ್ಲಿ ಅದಕ್ಕೆ ಪ್ಯಾಸಿಫ್ಲೋರಾ ಮಿನಿಯಾಟಾ ಎಂದು ಹೆಸರಿಟ್ಟರು. ಆಡುಹೆಸರುಗಳದ್ದು ಇನ್ನೊಂದು ತಾಪತ್ರಯ. ಸಂಜೆ ಬಿಳಿಯಾಗಿ ಅರಳಿ ಮರುದಿನಗಳಲ್ಲಿ ಗುಲಾಬಿ, ಕೆಂಪಿಗೆ ತಿರುಗುವ ರಂಗೂನ್ ಬಳ್ಳಿಯನ್ನು ಮಧುಮಾಲತಿ ಎನ್ನುವವರಿದ್ದಾರೆ, ಮಾಧವಿ ಎಂದೂ ಕರೆಯುವವರಿದ್ದಾರೆ. ಮಾಧವಿ ಲತೆ ಬೇರೆಯೇ: ದಳಗಳ ಅಂಚು ಹರಿದಂತೆ, ಒಂದು ದಳದಲ್ಲಿ ಮಾತ್ರ ಹಳದಿ ಮಚ್ಚೆ, ಕಾಯಿಗೆ ಮೂರು ರೆಕ್ಕೆ. ಹಾಗಾಗಿ ಬೆಳೆಗಾರರೊಬ್ಬರು ಹೇಳಿದ ಕನ್ನಡ ಹೆಸರಿನ ಜೊತೆಗೆ ವೈಜ್ಞಾನಿಕ ಹೆಸರನ್ನೂ ಕೇಳಿಕೊಳ್ಳುವುದು ಕ್ಷೇಮ.

ಹೂ ಬಿಡದ ಬಳ್ಳಿಗಳ ಕಥೆ ಬೇರೆ. ಮನಿಪ್ಲಾಂಟಿನ ವಿಷಯದಲ್ಲಿ ವಿಜ್ಞಾನಿಗಳೇ ಎಂಟು ದಶಕ ತಡಕಾಡಿದ್ದಾರೆ. 1880ರಲ್ಲಿ ಅದನ್ನು ಪೋಥೋಸ್ ಎಂದರು, ಮುಂದೆ ಸಿಂಡಾಪ್ಸಸ್ ಎಂದರು. 1962ರಲ್ಲಿ ಅಪರೂಪಕ್ಕೆ ಹೂ ಕಂಡಾಗ ರಾಫಿಡೋಫೋರಾಕ್ಕೆ ಸೇರಿಸಿ, 1964ರಲ್ಲಿ ಎಪಿಪ್ರೆಮ್ನಮ್ ಆರಿಯಮ್ ಎಂದು ನಿಲ್ಲಿಸಿದರು. ಈ ಬಳಗದಲ್ಲಿ ವಯಸ್ಸಿನೊಂದಿಗೆ ಎಲೆಯ ರೂಪವೂ ಬದಲಾಗುತ್ತದೆ. ಕುಂಡದಲ್ಲಿ ಅಂಗೈಯಗಲದ ಎಲೆ ಬಿಡುವ ಮನಿಪ್ಲಾಂಟ್ ತೆಂಗಿನ ಮರ ಹತ್ತಿದರೆ ಮೊರದಗಲದ, ಅಂಚು ಸೀಳಿದ ಎಲೆ ಬಿಡುತ್ತದೆ. ಎರಡೂ ಒಂದೇ ಬಳ್ಳಿ ಎಂದು ನಂಬಿಸುವುದು ಕಷ್ಟ. ‘ಮಿನಿ ಮಾನ್‌ಸ್ಟೆರಾ’ ಎಂದು ಮಾರಾಟವಾಗುವ ಗಿಡವಂತೂ ಮಾನ್‌ಸ್ಟೆರಾವೇ ಅಲ್ಲ, ರಾಫಿಡೋಫೋರಾ ಟೆಟ್ರಾಸ್ಪರ್ಮಾ.

ಆದ್ದರಿಂದ ಸಹಬೆಳೆಗಾರರಿಂದ ಸರಿಯಾದ ಉತ್ತರ ಬೇಕಿದ್ದರೆ ಕೇಳುವವರು ಸ್ವಲ್ಪ ಶ್ರಮಪಡಬೇಕು. ಎಲೆಯ ಎರಡೂ ಮೈ, ಕಾಂಡಕ್ಕೆ ಎಲೆ ಸೇರುವ ಜಾಗ, ಮೊಗ್ಗು, ಹೂವಿನ ಮುಖ ಮತ್ತು ಪಕ್ಕದ ನೋಟ, ಕಾಯಿಯಿದ್ದರೆ ಕಾಯಿ; ಅಳತೆಗೆ ಪಕ್ಕದಲ್ಲೊಂದು ರೂಪಾಯಿ ನಾಣ್ಯ. ಫೋಟೊದಲ್ಲಿ ಬಾರದ್ದನ್ನು ಬರೆದು ತಿಳಿಸಬೇಕು: ಹೂ ಅರಳುವ ತಿಂಗಳು ಮತ್ತು ಹೊತ್ತು, ಪರಿಮಳ, ಹಾಲು, ಗಿಡ ಬಂದ ಊರು. ಇಷ್ಟಿದ್ದರೆ ಅನುಭವಿಗಳು ಕುಟುಂಬವನ್ನು ಕೂಡಲೇ ಹೇಳುತ್ತಾರೆ. ಜನವರಿ ಮತ್ತು ಆಗಸ್ಟ್‌ನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋಗುವವರು ಒಂದು ಗೆಣ್ಣಾದರೂ ಇರುವ ಟೊಂಗೆಯನ್ನು ಕಾಗದದಲ್ಲಿ ಒತ್ತಿ ಒಯ್ದರೆ, ಕೇಳಲು ಗಿಡಬಲ್ಲವರು ಸಿಕ್ಕೇ ಸಿಗುತ್ತಾರೆ. ಕಾಡಿನ ಕಡೆಯಿಂದ ಬಂದ ಬಳ್ಳಿಯಾದರೆ ಸಿ. ಜೆ. ಸಲ್ಡಾನ್ಹಾ ಅವರ ‘ಫ್ಲೋರಾ ಆಫ್ ಕರ್ನಾಟಕ’ದಲ್ಲಿ ಹುಡುಕಬಹುದು. ಬ್ರೆಜಿಲ್ಲಿನಿಂದ ಬಂದ ಅಲಂಕಾರದ ಬಳ್ಳಿಗೆ ಅಲ್ಲಿ ಉತ್ತರ ಸಿಗುವ ಸಂಭವ ಕಡಿಮೆ. ಮೊಬೈಲ್ ಆ್ಯಪ್‌ಗಳು ಹೇಳುವ ಹೆಸರನ್ನು ಊಹೆ ಎಂದಷ್ಟೇ ತೆಗೆದುಕೊಂಡು ಎಲೆ, ತೊಟ್ಟು ತಾಳೆ ನೋಡಬೇಕು. ಉತ್ತರಗಳು ಭಿನ್ನವಾದರೆ, ಕಾರಣ ಕೊಟ್ಟವರ ಮಾತಿಗೆ ಹೆಚ್ಚು ತೂಕ.

ಗುರುತು ಖಚಿತವಾಗುವ ತನಕ ಯಾವ ಬಳ್ಳಿಯ ಎಲೆ, ಕಾಯಿ, ಗೆಡ್ಡೆಯನ್ನೂ ಬಾಯಿಗೆ ಹಾಕಬಾರದು. ಗೌರಿ ಹೂವಿನ ಗೆಡ್ಡೆ ನೋಡಲು ಗೆಣಸಿನಂತಿದ್ದರೂ ಅದರಲ್ಲಿರುವ ಕೊಲ್ಚಿಸಿನ್ ಪ್ರಾಣ ತೆಗೆಯಬಲ್ಲದು. ಗುಲಗಂಜಿ ಬೀಜದಲ್ಲಿರುವ ಅಬ್ರಿನ್ ಕೂಡ ಹಾಗೆಯೇ. ಹೆಸರು ಸಿಕ್ಕ ದಿನವೇ ಅದನ್ನು, ಗಿಡ ಎಲ್ಲಿಂದ ಬಂತೆಂಬುದರ ಸಮೇತ, ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬರೆದು ಕುಂಡಕ್ಕೆ ಸಿಗಿಸಿಡಿ. ಬರೆಯುವುದು ಸೀಸದ ಕಡ್ಡಿಯಲ್ಲಿರಲಿ. ಮಾರ್ಕರ್ ಪೆನ್ನಿನ ಶಾಯಿ ಬಿಸಿಲಿಗೆ ಬೇಗ ಮಾಸಿಹೋಗುತ್ತದೆ.