‘ಬೆಳವಣಿಗೆ ಇಲ್ಲ’ ಎಂಬ ವರದಿಯ ಬೆಲೆ

ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, ಕೆಂಗೇರಿಯಾಚೆಯ ಕುಂಬಳಗೋಡು ಎಂದೊಡನೆ ಲೇತ್, ಪ್ರೆಸ್, ಅಚ್ಚುಗಳು ನೆನಪಾಗುವುದು ಸಹಜ. ಆದರೆ ಕುಡಿಯುವ ನೀರು, ಆಹಾರ, ಔಷಧಿ ಹಾಗೂ ಸೌಂದರ್ಯ ಸಾಧನಗಳ ಸಣ್ಣ ಉದ್ದಿಮೆದಾರರಿಗೆ ಯಂತ್ರದಷ್ಟೇ ಮುಖ್ಯವಾದುದು ಸೂಕ್ಷ್ಮಜೀವಿ ಪರೀಕ್ಷೆ. ಅದರ ಮೂಲ ಸಾಮಗ್ರಿ ಕಲ್ಚರ್ ಮೀಡಿಯಾ, ಅಂದರೆ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಗುರುತಿಸುವ ಪೋಷಕ ಮಾಧ್ಯಮ. ಖರೀದಿ ಪುಸ್ತಕದಲ್ಲಿ ಇದರ ಮೊತ್ತ ಅಲ್ಪ. ಆದರೆ ತಯಾರಾದ ಸರಕು ಮಾರುಕಟ್ಟೆಗೆ ಹೋಗಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ಇದೇ.

ಅಡುಗೆಮನೆಯಿಂದ ಪ್ರಯೋಗಾಲಯಕ್ಕೆ

1880ರ ದಶಕದ ಆರಂಭದಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಮಾಧ್ಯಮವನ್ನು ಗಟ್ಟಿಗೊಳಿಸಲು ಜಿಲೆಟಿನ್ ಬಳಸಲಾಗುತ್ತಿತ್ತು. ಮನುಷ್ಯದೇಹದ ಉಷ್ಣತೆಯಲ್ಲಿ ಅದು ಕರಗಿಹೋಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ, ತಾವು ಅಡುಗೆಯಲ್ಲಿ ಬಳಸುತ್ತಿದ್ದ ಅಗರ್ ಅನ್ನು ಸೂಚಿಸಿದರು. ಕೆಂಪು ಕಡಲಪಾಚಿಯಿಂದ ತೆಗೆಯುವ ಇದೇ ವಸ್ತು ನಮ್ಮ ದಿನಸಿ ಅಂಗಡಿಗಳಲ್ಲಿ ‘ಚೈನಾ ಗ್ರಾಸ್’ ಎಂದು ದೊರೆಯುತ್ತದೆ. ಸುಮಾರು 85 ಡಿಗ್ರಿಯಲ್ಲಿ ಕರಗುವ ಅಗರ್, 40 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿ, 37 ಡಿಗ್ರಿಯಲ್ಲಿಯೂ ಗಟ್ಟಿಯಾಗಿಯೇ ಉಳಿಯುತ್ತದೆ. 1887ರಲ್ಲಿ ಪೆಟ್ರಿ ತಟ್ಟೆ ಬಂದ ನಂತರ ಈ ವಿಧಾನ ಜಗತ್ತಿನೆಲ್ಲೆಡೆ ನೆಲೆಯಾಯಿತು.

ಅಗರ್‌ಗೆ ಪೆಪ್ಟೋನ್, ಲವಣ ಮುಂತಾದ ಪೋಷಕಗಳನ್ನು ಸೇರಿಸಿದರೆ ಸಾಮಾನ್ಯ ಮಾಧ್ಯಮ ಸಿದ್ಧ. ಮ್ಯಾಕ್‌ಕಾಂಕಿ ಅಗರ್‌ನಂತಹ ಆಯ್ಕೆಯ ಮಾಧ್ಯಮದಲ್ಲಿ ಪಿತ್ತ ಲವಣ ಮತ್ತು ಬಣ್ಣದ್ರವ್ಯಗಳು ಬೇಡದ ಹಲವು ಜೀವಿಗಳನ್ನು ತಡೆಯುತ್ತವೆ. ಅದರಲ್ಲಿ ಲ್ಯಾಕ್ಟೋಸ್ ಬಳಸಬಲ್ಲ ಇ. ಕೋಲಿ ಕೆಂಪು-ಗುಲಾಬಿ ಬಣ್ಣದ ಚುಕ್ಕೆಗಳಾಗಿ ಬೆಳೆದರೆ, ಸಾಲ್ಮೊನೆಲ್ಲಾ ಬಣ್ಣವಿಲ್ಲದೆ ಬೆಳೆಯುತ್ತದೆ.

ಒಂದು ವರದಿ, ಎರಡು ಅರ್ಥ

‘ಬೆಳವಣಿಗೆ ಇಲ್ಲ’ ಎಂಬ ವರದಿ ಬಂದಾಗ ಉದ್ಯಮಿ ನಿಶ್ಚಿಂತನಾಗುತ್ತಾನೆ. ಆದರೆ ಈ ವರದಿಗೆ ಎರಡು ಕಾರಣಗಳಿರಬಹುದು: ಮಾದರಿಯಲ್ಲಿ ಬ್ಯಾಕ್ಟೀರಿಯಾ ಇಲ್ಲದಿರುವುದು, ಅಥವಾ ಇದ್ದರೂ ಅದನ್ನು ಬೆಳೆಸುವ ಶಕ್ತಿ ಮಾಧ್ಯಮಕ್ಕೆ ಇಲ್ಲದಿರುವುದು. ತಟ್ಟೆಯನ್ನು ನೋಡಿ ಇವೆರಡರ ವ್ಯತ್ಯಾಸ ಹೇಳಲಾಗದು. ಮುಚ್ಚಳ ಸಡಿಲವಾಗಿ ತೇವ ಹೀರಿದ ಪುಡಿ, ಅವಧಿ ಮೀರಿದ ದಾಸ್ತಾನು, ತೂಕದಲ್ಲಿ ತಪ್ಪು, ಆಟೋಕ್ಲೇವ್‌ನಲ್ಲಿ 121 ಡಿಗ್ರಿಯ ಮೇಲೆ ಅಥವಾ ನಿಗದಿತ 15 ನಿಮಿಷಕ್ಕಿಂತ ಹೆಚ್ಚು ಕಾಯಿಸಿದ್ದು, ಪಿಎಚ್ ಏರುಪೇರು — ಇವುಗಳಲ್ಲಿ ಯಾವುದಾದರೂ ಮಾಧ್ಯಮವನ್ನು ಕೆಡಿಸಬಲ್ಲದು.

ಲೆಕ್ಕಪತ್ರಗಳಿಗೆ ಲೆಕ್ಕಪರಿಶೋಧನೆ ಇರುವಂತೆ ಮಾಧ್ಯಮಕ್ಕೂ ಒಂದು ಪರಿಶೋಧನೆ ಇದೆ. ಅದೇ ಬೆಳವಣಿಗೆ ಸಾಮರ್ಥ್ಯದ ಪರೀಕ್ಷೆ. ಪರಿಚಿತ ತಳಿಯ 100ಕ್ಕೆ ಮೀರದಷ್ಟು ಜೀವಕೋಶಗಳನ್ನು ಹೊಸ ಬ್ಯಾಚಿನ ಮಾಧ್ಯಮದ ಮೇಲೆ ಹಾಕಿ, ಅವು ಬೆಳೆಯುವುದನ್ನು ಖಚಿತಪಡಿಸಿಕೊಳ್ಳಬೇಕು. ಜೊತೆಯಲ್ಲಿ ಏನೂ ಹಾಕದ ಒಂದು ತಟ್ಟೆ ಖಾಲಿಯಾಗಿಯೇ ಉಳಿಯಬೇಕು. ಇಂತಹ ತಳಿಗಳು ಚಂಡೀಗಢದ ಎಂಟಿಸಿಸಿ ಸಂಗ್ರಹದಿಂದ ದೊರೆಯುತ್ತವೆ. ಈ ದಾಖಲೆ ಇಲ್ಲದ ‘ಬೆಳವಣಿಗೆ ಇಲ್ಲ’ ವರದಿ, ವೋಚರ್ ಇಲ್ಲದ ಖರ್ಚಿನಂತೆ.

ಹೊಣೆ ಯಾರದು?

ಬಾಟಲಿ ನೀರಿನ ಮಾನಕ ಐಎಸ್ 14543ರ ಪ್ರಕಾರ 250 ಮಿಲಿಲೀಟರ್ ಮಾದರಿಯಲ್ಲಿ ಇ. ಕೋಲಿ ಇರಕೂಡದು. 2024ರ ಅಕ್ಟೋಬರ್‌ನಲ್ಲಿ ಈ ನೀರಿಗೆ ಕಡ್ಡಾಯವಾಗಿದ್ದ ಬಿಐಎಸ್ ಪ್ರಮಾಣೀಕರಣವನ್ನು ಕೈಬಿಡಲಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಇದನ್ನು ಹೆಚ್ಚು ಅಪಾಯದ ಆಹಾರಗಳ ವರ್ಗಕ್ಕೆ ಸೇರಿಸಿತು. ಒಂದು ಮುದ್ರೆ ಹೋದರೂ ಹೊಣೆ ತಗ್ಗಲಿಲ್ಲ ಎಂಬುದನ್ನು ತಯಾರಕರು ಮನಗಾಣಬೇಕು. ಔಷಧಿ ತಯಾರಕರಿಗೆ 2023ರ ಡಿಸೆಂಬರ್‌ನಲ್ಲಿ ಪರಿಷ್ಕೃತ ಷೆಡ್ಯೂಲ್ ಎಂ ಪ್ರಕಟವಾಯಿತು. ಸಣ್ಣ ಮತ್ತು ಮಧ್ಯಮ ಘಟಕಗಳಿಗೆ ಷರತ್ತಿನ ಮೇಲೆ ನೀಡಿದ್ದ ಕಾಲಾವಕಾಶ 2025ರ ಡಿಸೆಂಬರ್ 31ರವರೆಗಿನದಾಗಿತ್ತು.

ಖರೀದಿಯಲ್ಲಿ ಜಾಣತನ

ಒಂದು ಲೀಟರ್ ಮಾಧ್ಯಮಕ್ಕೆ ಸುಮಾರು 50 ಗ್ರಾಂ ಮ್ಯಾಕ್‌ಕಾಂಕಿ ಪುಡಿ ಬೇಕು. ಒಂದು ತಟ್ಟೆಗೆ 20 ಮಿಲಿಲೀಟರ್ ಸಾಕು. ಹೀಗೆ 500 ಗ್ರಾಂ ಡಬ್ಬಿಯಿಂದ ಸುಮಾರು 500 ತಟ್ಟೆಗಳಾಗುತ್ತವೆ. ದಿನಕ್ಕೆ ಒಂದೇ ತಟ್ಟೆ ಬಳಸುವ ಘಟಕಕ್ಕೆ ಅದು ಒಂದು ವರ್ಷಕ್ಕೂ ಮೀರಿದ ದಾಸ್ತಾನು. ರಿಯಾಯಿತಿಗೆ ಆಸೆಪಟ್ಟು ದೊಡ್ಡ ಡಬ್ಬಿ ಕೊಂಡರೆ, ಪದೇ ಪದೇ ತೆರೆದ ಡಬ್ಬಿ ತೇವ ಹೀರುತ್ತದೆ. ಇಂತಹವರಿಗೆ 100 ಗ್ರಾಂ ಡಬ್ಬಿಯೇ ಲಾಭಕರ.

ಅವಧಿ ಮೀರಿದ ಮಾಧ್ಯಮವನ್ನು ಪುಸ್ತಕದಿಂದ ತೆಗೆದುಹಾಕಿದಾಗ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನ ಪ್ರಕಾರ ಅದರ ಹೂಡುವಳಿ ತೆರಿಗೆ ಜಮೆಯೂ ದೊರೆಯದು, ಪಡೆದಿದ್ದರೆ ಹಿಂದಿರುಗಿಸಬೇಕು. ಈ ನಷ್ಟವನ್ನು ತಪ್ಪಿಸಲು ಹಳೆಯ ಪುಡಿಯನ್ನೇ ಬಳಸುವ ಪ್ರವೃತ್ತಿ ಅಪಾಯಕಾರಿ. ಡಬ್ಬಿ ಬಂದ ದಿನ, ತೆರೆದ ದಿನ, ಮುಕ್ತಾಯದ ದಿನಗಳನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ, ಮೊದಲು ಮುಗಿಯುವುದನ್ನು ಮೊದಲು ಬಳಸುವ ಕ್ರಮ ಅನುಸರಿಸುವುದು ಒಳಿತು.

ಸ್ವಂತ ಪ್ರಯೋಗಾಲಯವಿಲ್ಲದ ಘಟಕಗಳು ಹೊರಗಿನ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವಾಗ ಶುಲ್ಕವನ್ನಷ್ಟೇ ಅಲ್ಲ, ಮಾಧ್ಯಮದ ಬೆಳವಣಿಗೆ ಪರೀಕ್ಷೆಯ ದಾಖಲೆಯನ್ನೂ ಕೇಳಬೇಕು. ಮಾಧ್ಯಮದಲ್ಲಿ ಉಳಿಸುವ ಹಣ ನೂರರ ಲೆಕ್ಕದ್ದು. ಮಾರುಕಟ್ಟೆಯಿಂದ ಒಂದು ಬ್ಯಾಚು ಹಿಂದಕ್ಕೆ ತರಿಸುವ ವೆಚ್ಚ ಲಕ್ಷದ ಲೆಕ್ಕದ್ದು. ಆ ನೀರು ಕುಡಿದ ಮಗುವಿನ ಆರೋಗ್ಯವಂತೂ ಯಾವ ಆಸ್ತಿ-ಹೊಣೆ ಪಟ್ಟಿಯಲ್ಲೂ ಕಾಣುವುದಿಲ್ಲ.