ಉರ್ದು ಶಾಲೆಗಳಿಗೆ ಶಿಕ್ಷಕರ ನೇಮಕ: ಅಡ್ಡಿ ಎಲ್ಲಿದೆ? ಇಲ್ಲಿದೆ ವಿವರ

ಠಾಣೆ: 1992-93ರ ಮುಂಬೈ ಗಲಭೆಯ ಬಳಿಕ ಸಾವಿರಾರು ಮುಸ್ಲಿಂ ಕುಟುಂಬಗಳು ಬಂದು ನೆಲೆಸಿದ ಊರು ಮುಂಬ್ರಾ. ಠಾಣೆ ಮಹಾನಗರ ಪಾಲಿಕೆ ವ್ಯಾಪ್ತಿಯ ಇಲ್ಲಿ ಅನೇಕ ಮಕ್ಕಳು ಓದುವುದು ಉರ್ದು ಮಾಧ್ಯಮದಲ್ಲಿ. ಮನೆಮಾತು ಬಲ್ಲ ಶಿಕ್ಷಕರೂ ಬೇಕು, ಎಲ್ಲ ಸಮುದಾಯದ ಶಿಕ್ಷಕರೂ ಬೇಕು. ಆದರೆ ಈಗಿನ ನೇಮಕಾತಿ ವ್ಯವಸ್ಥೆಯಲ್ಲಿ ಇವೆರಡೂ ಒಟ್ಟಿಗೆ ಈಡೇರುವುದು ಕಷ್ಟ. ಯಾಕೆ?

ನೇಮಕ ಹೇಗೆ?

ಮಹಾರಾಷ್ಟ್ರದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರಾಗಲು ತರಬೇತಿ ಕೋರ್ಸ್ ಮುಗಿಸಿ, ಟಿಇಟಿ ಪಾಸಾಗಿ, ‘ಟೈಟ್’ ಎಂಬ ಅಭಿರುಚಿ ಪರೀಕ್ಷೆ ಬರೆಯಬೇಕು. ಅದರ ಅಂಕದ ಮೇಲೆ ‘ಪವಿತ್ರ’ ಪೋರ್ಟಲ್ ಮೂಲಕ ಆಯ್ಕೆ ನಡೆಯುತ್ತದೆ. 2017ರ ಡಿಸೆಂಬರ್‌ನಲ್ಲಿ ನಡೆದ ಟೈಟ್, ಮತ್ತೆ ನಡೆದದ್ದು 2023ರಲ್ಲಿ. ಐದು ವರ್ಷ ಕಾಯುವ ಶಕ್ತಿ ಬಡ ಕುಟುಂಬದ ಪದವೀಧರೆಗೆ ಎಲ್ಲಿಂದ ಬರಬೇಕು?

ಮೀಸಲು ಹುದ್ದೆಯ ತೊಡಕು

1950ರ ರಾಷ್ಟ್ರಪತಿ ಆದೇಶದಂತೆ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿ ಸ್ಥಾನಮಾನವಿದೆ. ಈ ಸಮುದಾಯಗಳಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು ವಿರಳ. ಹೀಗಾಗಿ ಉರ್ದು ಶಾಲೆಯ ಎಸ್‌ಸಿ ಮೀಸಲು ಹುದ್ದೆಗೆ ಅರ್ಹರು ಸಿಗುವುದು ಕಷ್ಟ. ಎಸ್‌ಟಿಗೆ ಧರ್ಮದ ನಿರ್ಬಂಧವಿಲ್ಲ. ಜಳಗಾಂವ್ ಭಾಗದ ತಡವಿ ಭಿಲ್ ಮುಸ್ಲಿಮರು ಈ ಪಟ್ಟಿಯಲ್ಲಿದ್ದಾರೆ. ಇದು ಮೀಸಲಾತಿಯ ತಪ್ಪಲ್ಲ. ದಲಿತ, ಆದಿವಾಸಿ ಯುವಜನರಿಗೆ ಉರ್ದು ಕಲಿಯಲು ವಿದ್ಯಾರ್ಥಿವೇತನ ಸಿಕ್ಕರೆ ಹುದ್ದೆಯೂ ತುಂಬುತ್ತದೆ, ಶಿಕ್ಷಕರ ಕೊಠಡಿಯಲ್ಲಿ ವೈವಿಧ್ಯವೂ ಬರುತ್ತದೆ.

ಸೇವೆಯಲ್ಲಿರುವವರ ಕಥೆ ಏನು?

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಅವಧಿ ಇರುವ ಶಿಕ್ಷಕರು 2 ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದು ತೀರ್ಪು ನೀಡಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದು ಅನ್ವಯವೇ ಎಂಬ ಪ್ರಶ್ನೆಯನ್ನು ವಿಸ್ತೃತ ಪೀಠದ ಪರಿಗಣನೆಗೆ ಬಿಟ್ಟಿತು. ದಶಕಗಳಿಂದ ಪಾಠ ಮಾಡಿದವರು ಮತ್ತೆ ಪರೀಕ್ಷೆಗೆ ಕೂರುವಾಗ, ಅವರ ಭಾಷೆಯಲ್ಲೇ ಅಧ್ಯಯನ ಸಾಮಗ್ರಿ, ತರಬೇತಿ ಮತ್ತು ಓದಲು ರಜೆ ಬೇಕು. ಇಲ್ಲದಿದ್ದರೆ ಇರುವ ಶಿಕ್ಷಕರನ್ನೂ ಕಳೆದುಕೊಳ್ಳುವ ಅಪಾಯವಿದೆ.

ಕನ್ನಡಿಗರಿಗೂ ಸಂಬಂಧವಿದೆ

ಮುಂಬೈ ಮಹಾನಗರ ಪಾಲಿಕೆ ಉರ್ದುವಿನಂತೆ ಕನ್ನಡ ಮಾಧ್ಯಮ ಶಾಲೆಗಳನ್ನೂ ನಡೆಸುತ್ತದೆ. ಮಕ್ಕಳ ಶಿಕ್ಷಣ ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಇರಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಆ ಭಾಷೆ ಬಲ್ಲ ಶಿಕ್ಷಕರೇ ಇಲ್ಲದಿದ್ದರೆ ಕಾಯ್ದೆಯ ಮಾತು ಕಾಗದದಲ್ಲೇ ಉಳಿಯುತ್ತದೆ, ಮುಂಬ್ರಾದಲ್ಲೂ, ಮುಂಬೈಯಲ್ಲೂ.