‘ಹೊಸೂರು’ ಎಂಬರ್ಥದ ಫ್ರೆಂಚ್ ಮನೆತನದ ಹೆಸರು

ನಮ್ಮ ಮಕ್ಕಳು ದಿನವೂ ಬರೆಯುವ ‘ಹೊಸೂರು’ ಎಂಬುದಕ್ಕೆ ಸಮನಾದ ಹೆಸರೊಂದು ಫ್ರಾನ್ಸಿನಲ್ಲಿ ಮನೆತನದ ಹೆಸರಾಗಿದೆ. ಅದೇ ‘ವಿಲ್‌ನವ್’. ‘ವಿಲ್’ ಎಂದರೆ ಊರು, ‘ನವ್’ ಎಂದರೆ ಹೊಸದು. ಲ್ಯಾಟಿನ್ನಿನ ‘ವಿಲ್ಲ ನೋವ’ ಇದರ ಮೂಲ. ಈ ‘ನೋವ’ವೂ ಸಂಸ್ಕೃತದ ‘ನವ’ವೂ ಒಂದೇ ಬೇರಿನ ಪದಗಳು.

ಹನ್ನೊಂದರಿಂದ ಹದಿಮೂರನೆಯ ಶತಮಾನದವರೆಗೆ ಫ್ರಾನ್ಸಿನಲ್ಲಿ ಕಾಡು ಕಡಿದು, ಬೀಳುಭೂಮಿಯನ್ನು ಸಾಗುವಳಿಗೆ ತಂದು, ಅನೇಕ ಹೊಸ ಊರುಗಳನ್ನು ಕಟ್ಟಲಾಯಿತು. ಅವುಗಳಲ್ಲಿ ಹಲವಕ್ಕೆ ಈ ಹೆಸರೇ ನಿಂತಿತು. ಅಲ್ಲಿಂದ ಬೇರೆಡೆಗೆ ಹೋಗಿ ನೆಲೆಸಿದವರನ್ನು ಜನರು ಊರಿನಿಂದಲೇ ಗುರುತಿಸಿದರು. ಕ್ರಮೇಣ ಅದು ಮಕ್ಕಳಿಗೂ ಮೊಮ್ಮಕ್ಕಳಿಗೂ ಸಂದಿತು. 1539ರ ರಾಜಶಾಸನವು ಚರ್ಚುಗಳಲ್ಲಿ ಜ್ಞಾನಸ್ನಾನದ ದಾಖಲೆ ಇಡುವಂತೆ ವಿಧಿಸಿತು. ಜನನಪತ್ರದಲ್ಲಿರುವ ಹೆಸರನ್ನಲ್ಲದೆ ಬೇರೆ ಹೆಸರನ್ನು ಯಾರೂ ಧರಿಸಬಾರದೆಂದು 1794ರ ಕಾನೂನು ಗೊತ್ತುಪಡಿಸಿತು. 2005ರಿಂದ ಅಲ್ಲಿ ತಾಯಿಯ ಮನೆತನದ ಹೆಸರನ್ನೂ ಮಗುವಿಗೆ ಇಡಬಹುದಾಗಿದೆ.

1740ರಲ್ಲಿ ‘ಸುಂದರಿ ಮತ್ತು ಮೃಗ’ದ ಕಥೆಯನ್ನು ಪ್ರಕಟಿಸಿದ ಗಾಬ್ರಿಯೆಲ್ ಸುಜಾನ್ ದ ವಿಲ್‌ನವ್ ಅವರಿಗೆ ಈ ಹೆಸರು ಗಂಡನ ಮನೆಯಿಂದ ಬಂದದ್ದು. 1997ರಲ್ಲಿ ಫಾರ್ಮುಲಾ ಒನ್ ವಿಶ್ವವಿಜೇತರಾದ ಕೆನಡಾದ ಜಾಕ್ ವಿಲ್‌ನವ್ ಅವರದೂ ಇದೇ ಮನೆತನದ ಹೆಸರು.

ನಮ್ಮಲ್ಲಿ ಈ ಕೆಲಸವನ್ನು ಹೆಸರಿನ ಮುಂದಿನ ಅಕ್ಷರಗಳು ಮಾಡುತ್ತವೆ. ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರ ‘ಡಿ’ ದೇವನಹಳ್ಳಿಯನ್ನು ಸೂಚಿಸುತ್ತದೆ, ಸಿ.ಎನ್. ಅಣ್ಣಾದೊರೈ ಅವರ ‘ಸಿ’ ಕಾಂಜೀವರಂ, ಅಂದರೆ ಕಂಚಿ. ಆದರೆ ಫ್ರೆಂಚರು ಊರಿನ ಹೆಸರನ್ನು ಪೂರ್ತಿಯಾಗಿ ಬರೆದರೆ ನಾವು ಒಂದಕ್ಷರಕ್ಕೆ ಇಳಿಸುತ್ತೇವೆ. ಬಿಡಿಸಿ ಹೇಳುವ ಹಿರಿಯರು ಇಲ್ಲವಾದಾಗ ಆ ಅಕ್ಷರ ಮೂಕವಾಗುತ್ತದೆ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕುಂಟು. ತಮಿಳಿನಲ್ಲಿ ನಮ್ಮೂರು ‘ಓಸೂರ್’ ಆಗುವುದರಿಂದ ‘ಹೊಸ’ ಎಂಬ ಪದವೇ ಮರೆಯಾಗುತ್ತದೆ. ಹೊಸೂರನ್ನು ಸೂಚಿಸುವ ಮೊದಲಕ್ಷರ ಕನ್ನಡದಲ್ಲಿ ‘ಹೊ’, ತಮಿಳಿನಲ್ಲಿ ‘ಓ’, ಇಂಗ್ಲಿಷಿನಲ್ಲಿ ‘ಎಚ್’ ಆಗಬಹುದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿಗೂ ಮನೆತನದ ಹೆಸರಿಗೂ ಬೇರೆಬೇರೆ ಅಂಕಣಗಳಿವೆ. ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಮತ್ತೊಂದು ರೂಪವಿದ್ದರೆ ಮಗು ದೊಡ್ಡದಾದ ಮೇಲೆ ಅಲೆದಾಟ ತಪ್ಪದು.

ಆದುದರಿಂದ ಪ್ರತಿ ಮಗುವಿನ ಮೊದಲಕ್ಷರಗಳ ಪೂರ್ಣರೂಪವನ್ನು ಮನೆಯಲ್ಲಿ ಕನ್ನಡದಲ್ಲಿ ಬರೆದಿಡೋಣ. ಇಂಗ್ಲಿಷ್ ಕಾಗುಣಿತವನ್ನು ಒಂದೇ ಬಗೆಯಾಗಿ ನಿಶ್ಚಯಿಸಿ, ಹತ್ತನೆಯ ತರಗತಿಯ ಅಂಕಪಟ್ಟಿ ಸಿದ್ಧವಾಗುವುದಕ್ಕೆ ಮುಂಚೆಯೇ ಎಲ್ಲ ದಾಖಲೆಗಳನ್ನು ಹೋಲಿಸಿ ನೋಡೋಣ.